ಬಂಜರೆಂಬ ಹೆಸರು

ಚಿಕ್ಕೋಡಿಯಿಂದ ರಾಯಬಾಗವನ್ನು ಹಾಯ್ದು, ಕುಡಚಿಯ ಬಳಿ ಕೃಷ್ಣೆಯನ್ನು ದಾಟಿ ಅಥಣಿಯತ್ತ ಸಾಗುವವರಿಗೆ ದಾರಿಯಲ್ಲಿ ಹೆಚ್ಚಾಗಿ ಕಾಣುವುದು ಕಬ್ಬು. ಅಥಣಿಯನ್ನು ಹಿಂದಿಕ್ಕಿ ಉತ್ತರಕ್ಕೆ, ಜತ್ತಿನ ಕಡೆಗೆ ನಡೆದರೆ ನೋಟ ಬದಲಾಗುತ್ತದೆ. ಗರಸು ನೆಲ, ಅಲ್ಲಲ್ಲಿ ಜಾಲಿ, ಮಳೆಗಾಲ ಕಳೆದೊಡನೆ ಹೊಂಬಣ್ಣಕ್ಕೆ ತಿರುಗುವ ಹುಲ್ಲು. ನಿಪ್ಪಾಣಿಯ ಕಡೆಗೆ ಸುರಿದ ಮುಂಗಾರು ಇಲ್ಲಿಗೆ ತಲುಪುವಾಗ ಬಹುಮಟ್ಟಿಗೆ ಬರಿದಾಗಿರುತ್ತದೆ. ಸರ್ಕಾರಿ ದಫ್ತರಗಳಲ್ಲಿ ಇಂಥ ನೆಲಕ್ಕೆ ‘ಬಂಜರು’ ಎಂದು ಹೆಸರು. ಆ ಹೆಸರು ಸರಿಯೇ?

ಇಲ್ಲೊಮ್ಮೆ ದಟ್ಟ ಕಾಡಿತ್ತು, ಮನುಷ್ಯನ ಕೊಡಲಿಯೂ ಅವನ ಕುರಿ-ದನಗಳೂ ಅದನ್ನು ಬಯಲು ಮಾಡಿದವು ಎಂಬ ನಂಬಿಕೆ ಬ್ರಿಟಿಷರ ಕಾಲದಿಂದ ಬೇರೂರಿದೆ. 2025ರಲ್ಲಿ ಅಶೀಷ್ ನೆರ್ಲೇಕರ್ ಹಾಗೂ ದಿಗ್ವಿಜಯ ಪಾಟೀಲ್ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಅಲುಗಿಸಿತು. ಅದರ ಕ್ಷೇತ್ರ ನಮ್ಮ ಗಡಿಯಾಚೆಯ ಪಶ್ಚಿಮ ಮಹಾರಾಷ್ಟ್ರ. ಅದೇ ದಖ್ಖಣ, ಅದೇ ಮಳೆಯ ಮರೆ. ಸಾಹಿತ್ಯಪ್ರಿಯರಿಗೆ ಸಂತೋಷ ತರುವ ಸಂಗತಿಯೆಂದರೆ, ಈ ವಿಜ್ಞಾನಿಗಳು ಸಾಕ್ಷ್ಯವನ್ನು ಹುಡುಕಿದ್ದು ಹಳೆಯ ಮರಾಠಿ ಕೃತಿಗಳಲ್ಲಿ ಮತ್ತು ಜನಪದ ಕಥನಗಳಲ್ಲಿ. 13ನೆಯ ಶತಮಾನದ ಚಕ್ರಧರರ ಪ್ರಸಂಗವೊಂದರಲ್ಲಿ ಬಿಳಿಜಾಲಿ ಬರುತ್ತದೆ. 16ನೆಯ ಶತಮಾನದ ಕಥನಕಾವ್ಯವೊಂದರಲ್ಲಿ ನೀರಾ ನದಿಯ ಕಣಿವೆಗೆ ಗೋವಳರನ್ನು ಸೆಳೆದದ್ದು ಅಲ್ಲಿನ ಸಮೃದ್ಧ ಹುಲ್ಲು. ಹೀಗೆ ದೊರೆತ 44 ಕಾಡುಸಸ್ಯಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬಯಲಿಗೇ ವಿಶಿಷ್ಟವಾದವು. ಈ ಹುಲ್ಲುಬಯಲಿಗೆ ಕಡಿಮೆಯೆಂದರೂ 750 ವರ್ಷಗಳ ವಯಸ್ಸು. ಅಂದಮೇಲೆ ಅದು ಕೆಟ್ಟುಹೋದ ಕಾಡಲ್ಲ, ತನ್ನಷ್ಟಕ್ಕೆ ಪೂರ್ಣವಾದ ಪ್ರಕೃತಿ.

ಅದರ ಒಡೆಯ ತೋಳ. ಹುಲಿಯಂತೆ ಅದಕ್ಕೆ ಕಾಡು ಬೇಕಿಲ್ಲ, ಬಯಲು ಬೇಕು. ಭಾರತೀಯ ತೋಳ ಜಗತ್ತಿನ ಅತಿ ಪ್ರಾಚೀನ ತೋಳವಂಶಗಳಲ್ಲೊಂದೆಂದು 2021ರ ವಂಶವಾಹಿ ಸಂಶೋಧನೆ ತೋರಿಸಿದೆ. 2025ರ ಅಂತರರಾಷ್ಟ್ರೀಯ ಅಂದಾಜಿನಂತೆ ಉಳಿದಿರುವವು ಸುಮಾರು 3,000. ಕುರಿಯನ್ನು ಎಳೆದೊಯ್ಯುವ ಈ ಕಳ್ಳನನ್ನು ಕುರುಬ ಶಪಿಸದೆ ಇರಲಾರ. ಆದರೂ ಇಬ್ಬರ ಬಾಳುವೆಯೂ ಒಂದೇ ಹುಲ್ಲಿನ ಮೇಲೆ ನಿಂತಿದೆ.

ಬಂಜರೆಂದು ಬರೆದಿಟ್ಟ ಮೇಲೆ ಆ ನೆಲಕ್ಕೆ ಏನಾದರೂ ‘ಉಪಕಾರ’ ಮಾಡಬೇಕೆನಿಸುತ್ತದೆ. ನೀರು ಬಂದಲ್ಲಿ ಕಬ್ಬು, ಬಾರದಲ್ಲಿ ನೀಲಗಿರಿ ಇಲ್ಲವೆ ಅಕೇಶಿಯಾ. ಗಿಡ ನೆಡುವುದು ಪುಣ್ಯವೆಂದು ತಿಳಿದ ನಮಗೆ ಇದು ಕಹಿ ಮಾತು. ಆದರೆ ಈ ಹುಲ್ಲಿಗೆ ತುಂಬು ಬಿಸಿಲು ಬೇಕು. ಮರಗಳ ನೆರಳು ಕವಿದಂತೆ ಅದು ಅಳಿಯುತ್ತದೆ. ಅದರ ದಟ್ಟ ಬೇರುಗಳು ಮಣ್ಣಿನಲ್ಲಿ ಕೂಡಿಟ್ಟ ಇಂಗಾಲವೂ ನಷ್ಟವಾಗಬಹುದು. ಎಂ. ಡಿ. ಮಧುಸೂದನ್ ಹಾಗೂ ಅಬಿ ತಮೀಮ್ ವನಕ್ ರಚಿಸಿದ ನಕ್ಷೆಯ ಪ್ರಕಾರ ಇಂಥ ಒಣ ಬಯಲುಗಳು ದೇಶದ ನೆಲದ ಹತ್ತರಲ್ಲೊಂದು ಪಾಲು. ಅದರಲ್ಲಿ ರಕ್ಷಿತ ಪ್ರದೇಶದೊಳಗಿರುವುದು 5%ಕ್ಕೂ ಕಡಿಮೆ.

ಮರಾಠಿಯಲ್ಲಿ ನಡೆದ ಈ ಶೋಧ ಕನ್ನಡದಲ್ಲಿಯೂ ನಡೆಯಬೇಕು. ಹಾಲುಮತದ ಕಾವ್ಯದಲ್ಲಿ, ಡೊಳ್ಳಿನ ಹಾಡುಗಳಲ್ಲಿ ಬರುವ ಹುಲ್ಲು, ಗಿಡ, ಹಕ್ಕಿಗಳ ಹೆಸರನ್ನು ಯಾರಾದರೂ ಬರೆದಿಡಬೇಕು. ಚಿಂಚಲಿ ಮಾಯಕ್ಕನ ಜಾತ್ರೆಗೆ ಎರಡೂ ರಾಜ್ಯಗಳ ಕುರಿಗಾರರು ಬಂದು ಸೇರುವ ಮಾಘಮಾಸದಲ್ಲೇ ಈ ಕೆಲಸ ತೊಡಗಬಹುದು.