ಅಂಗಸಾಧನೆಯೂ ವಾರದ ವೇಳಾಪತ್ರಿಕೆಯೂ

ಕಳೆದ ಪಾಲಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, "ಸರ, ತಾಲೀಮ ಇದ್ದ ದಿನಾ ನಮ್ಮ ಹುಡುಗ ಕತ್ತಲಾಗೂತನಕ ಮನಿಗೆ ಬರಂಗಿಲ್ರಿ. ಓದೂದು ಯಾವಾಗ್ರಿ?" ಎಂದು ಕೇಳಿದರು. ಅವರ ಹಿಂದೆಯೇ ಕುಳಿತಿದ್ದ ಇನ್ನೊಬ್ಬ ಪಾಲಕರು, "ವಾರದಾಗ ಮೂರ ದಿನಾ ಕಲಿಸಿದ್ರ ಏನ ಬರತೈತ್ರಿ? ಕಲಿಸೂದಿದ್ರ ದಿನಾ ಕಲಿಸ್ರಿ" ಎಂದರು. ಒಬ್ಬರಿಗೆ ಹೆಚ್ಚಾಗಿತ್ತು, ಇನ್ನೊಬ್ಬರಿಗೆ ಕಡಿಮೆಯಾಗಿತ್ತು. ಸಭೆ ನಕ್ಕಿತು, ಪ್ರಶ್ನೆಗಳು ಹಾಗೆಯೇ ಉಳಿದವು.

ನಾನು ಕನ್ನಡ ಕಲಿಸುವವನು. ಕಂಬ ಹತ್ತಿಸುವುದು ನನ್ನ ವಿಷಯವಲ್ಲ. ಆದರೆ ಈ ಎರಡು ಪ್ರಶ್ನೆಗಳು ನನ್ನನ್ನು ಬಹಳ ದಿನ ಬಿಡಲಿಲ್ಲ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ. ಅಂಗಸಾಧನೆಯ ತಂಡಗಳು ತಮ್ಮ ವಾರವನ್ನು ಹೇಗೆ ಹಂಚಿಕೊಳ್ಳುತ್ತವೆ ಎಂಬುದನ್ನು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ವಿದ್ಯಾರ್ಥಿಗಳ ಮತ್ತು ಪಾಲಕರ ಮುಂದೆ ಇಡುತ್ತಿದ್ದೇನೆ.

ಪೇಟೆಯ ಕ್ರೀಡಾಂಗಣಗಳಲ್ಲಿ ನಡೆಯುವ ಜಿಮ್ನಾಸ್ಟಿಕ್ಸಿನಲ್ಲಿ ಹುಡುಗರಿಗೆ 6 ಸಾಧನಗಳು, ಹುಡುಗಿಯರಿಗೆ 4. ಅವೆಲ್ಲ ಬಹಳ ಬೆಲೆಯವು. ನಮ್ಮ ಭಾಗದಲ್ಲಿ ಅಂಗಸಾಧನೆ ಎಂದರೆ ಮೊದಲು ಕಣ್ಣ ಮುಂದೆ ಬರುವುದು ಮಲ್ಲಕಂಬ. ನೆಲದಲ್ಲಿ ಹೂಳಿದ, ಸುಮಾರು ಎಂಟೂವರೆ ಅಡಿ ಎತ್ತರದ ಸಾಗವಾನಿ ಇಲ್ಲವೆ ಬೀಟೆಯ ಕಂಬ, ಮೇಲಿನಿಂದ ಇಳಿಬಿಟ್ಟ ಹತ್ತಿಯ ಹಗ್ಗ, ಒಂದಿಷ್ಟು ಔಡಲೆಣ್ಣೆ: ಇಷ್ಟಿದ್ದರೆ ಸಾಕು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ, ಅಂದರೆ 12ನೆಯ ಶತಮಾನದಲ್ಲಿಯೇ, ಜಟ್ಟಿಗಳು ಕಂಬದ ಮೇಲೆ ಮಾಡುವ ವ್ಯಾಯಾಮದ ಮಾತು ಬರುತ್ತದೆ. ಮುಂದೆ ಮರೆತಂತಾಗಿದ್ದ ಈ ವಿದ್ಯೆಯನ್ನು ಎರಡನೆಯ ಬಾಜಿರಾವ ಪೇಶ್ವೆಯ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರ ಎಂಬ ವ್ಯಾಯಾಮಗುರು ಮತ್ತೆ ಎತ್ತಿ ನಿಲ್ಲಿಸಿದರು. 1936ರಲ್ಲಿ ಅಮರಾವತಿಯ ಹನುಮಾನ ವ್ಯಾಯಾಮ ಪ್ರಸಾರಕ ಮಂಡಳದವರು ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಇದನ್ನು ಪ್ರದರ್ಶಿಸಿದರು. 2022ರ ಜೂನ್ ತಿಂಗಳಲ್ಲಿ ಪಂಚಕುಲಾದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಮಲ್ಲಕಂಬಕ್ಕೂ ಸ್ಥಾನ ಸಿಕ್ಕಿತು. ಮುಂಬಯಿಯ ಮಲ್ಲಕಂಬ ಗುರು ಉದಯ ದೇಶಪಾಂಡೆಯವರಿಗೆ 2024ರಲ್ಲಿ ಪದ್ಮಶ್ರೀ ಬಂದಿತು. ಕರ್ನಾಟಕದ ತುಳಸಿಗೇರಿ, ಲಕ್ಷ್ಮೇಶ್ವರಗಳೂ ಮಲ್ಲಕಂಬಕ್ಕೆ ಹೆಸರಾದ ಊರುಗಳು. ಹೀಗಾಗಿ ಕನ್ನಡಿಗರೂ ಮರಾಠಿಗರೂ ಇದನ್ನು ತಮ್ಮದೆಂದು ಹೇಳಿಕೊಂಡರೆ ಇಬ್ಬರ ಮಾತೂ ನಿಜವೇ. ಎರಡೂ ಭಾಷೆಯ ಶಾಲೆಗಳಲ್ಲಿ ಕಲಿತ ನನಗೆ ಇದರ ಹೆಸರುಗಳೇ ಒಂದು ಸೊಗಸು. ಕೈ ಮತ್ತು ಕಂಬದ ನಡುವಿನ ಸಂದಿಯಲ್ಲಿ ಮೈಯನ್ನು ತೂರಿಸುವ ಪಟ್ಟಿಗೆ ಮರಾಠಿಯಲ್ಲಿ 'ಸುಯಿದೋರಾ' ಎನ್ನುತ್ತಾರೆ, ಎಂದರೆ ಸೂಜಿ-ದಾರ. 'ವೇಲ್' ಎಂದರೆ ಬಳ್ಳಿ. ಹೆಸರು ಕೇಳಿದರೇ ಆಕಾರ ಕಣ್ಣಿಗೆ ಕಟ್ಟುತ್ತದೆ.

ಇರಲಿ, ವೇಳೆಯ ಮಾತಿಗೆ ಬರೋಣ.

ಮೂವತ್ತು ವರ್ಷಗಳ ಹಿಂದೆ ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಜನವರಿ 26ರ ಕಾರ್ಯಕ್ರಮಕ್ಕೆಂದು ನಮ್ಮಿಂದ ಮಾನವ ಗೋಪುರ ಮಾಡಿಸಿದರು. ವರ್ಷವಿಡೀ ತಾಲೀಮು ಇರಲಿಲ್ಲ. ಎಂಟು ದಿನ ಮೊದಲು ಪಾಠಗಳನ್ನೆಲ್ಲ ನಿಲ್ಲಿಸಿ, ಮುಂಜಾನೆಯಿಂದ ಸಂಜೆಯ ತನಕ ಬಿಸಿಲಿನಲ್ಲಿ ಅದನ್ನೇ ಮಾಡಿಸಿದರು. ಆರನೆಯ ದಿನಕ್ಕೆ ಎಲ್ಲರ ಹೆಗಲೂ ಬಾತಿದ್ದವು. ಏಳನೆಯ ದಿನ ಸಂಜೆ, ಹತ್ತಾರು ಸಲ ಸರಿಯಾಗಿ ಮಾಡಿದ್ದ ಗೋಪುರವೇ ಕುಸಿಯಿತು. ಮೇಲಿನ ಸಾಲಿನಲ್ಲಿದ್ದ ನನ್ನ ಗೆಳೆಯನ ಬಲ ಮಣಿಕಟ್ಟು ಮುರಿಯಿತು. ಎರಡು ತಿಂಗಳು ಅವನು ಲೇಖಣಿ ಹಿಡಿಯಲಿಲ್ಲ. ವಾರ್ಷಿಕ ಪರೀಕ್ಷೆ ತಪ್ಪಿತು. ಮುಂದಿನ ಜೂನ್ ತಿಂಗಳಲ್ಲಿ ಅವನು ಶಾಲೆಗೆ ಬರಲಿಲ್ಲ. ಆಗ ಎಲ್ಲರೂ "ನಸೀಬು" ಎಂದರು. ಕೆಳಗೆ ನಿಂತಿದ್ದ ನಾನೂ ಹಾಗೆಯೇ ಅಂದುಕೊಂಡಿದ್ದೆ. ಈಗ ಲೆಕ್ಕ ಹಾಕಿದರೆ ದಿನಕ್ಕೆ ಏಳು ತಾಸಿನಂತೆ ಏಳು ದಿನಕ್ಕೆ 49 ತಾಸು. ಅದೇ 49 ತಾಸನ್ನು ವಾರಕ್ಕೆ ನಾಲ್ಕೂವರೆ ತಾಸಿನಂತೆ ಹಂಚಿದ್ದರೆ ಸುಮಾರು ಹನ್ನೊಂದು ವಾರಗಳ ತಾಲೀಮು ಆಗುತ್ತಿತ್ತು. ದೀಪಾವಳಿ ರಜೆ ಮುಗಿಸಿ ಬಂದ ಕೂಡಲೆ ಹಿಡಿದಿದ್ದರೂ ಸಾಕಾಗುತ್ತಿತ್ತು.

ತಾಸುಗಳು ಎಷ್ಟು ಎನ್ನುವುದಕ್ಕಿಂತ ಅವು ಹೇಗೆ ಹಂಚಿವೆ ಎಂಬುದೇ ಮುಖ್ಯವೆಂಬುದು ನಮ್ಮ ವಿಷಯದಲ್ಲೂ ಕಾಣುತ್ತದೆ. ಕಂಠಪಾಠದ ಪದ್ಯವನ್ನು ದಿನಕ್ಕೆ ಕಾಲು ತಾಸಿನಂತೆ ಆರು ದಿನ ಓದಿದವನಿಗೆ ಅದು ಪರೀಕ್ಷೆಯ ತನಕ ಉಳಿಯುತ್ತದೆ. ಒಂದೇ ರಾತ್ರಿ ಒಂದೂವರೆ ತಾಸು ಕೂಗಿದವನಿಗೆ ಬೆಳಗಾಗುವುದರಲ್ಲಿ ಅರ್ಧ ಹೋಗಿರುತ್ತದೆ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಇದನ್ನು 1885ರಲ್ಲಿ ಬರೆದಿಟ್ಟಿದ್ದಾನೆ. ಮೈಯೂ ಮನಸ್ಸಿನಂತೆಯೇ ಬಿಡುವು ಕೊಟ್ಟು ಕಲಿಯುತ್ತದೆ. ಮೈಗೆ ಇನ್ನೊಂದು ಕಾರಣವೂ ಉಂಟು. ಶ್ರಮ ಮಾಡುವಾಗ ಸ್ನಾಯು ಬಲಿಯುವುದಿಲ್ಲ, ದಣಿಯುತ್ತದೆ. ಅದು ದುರಸ್ತಿಯಾಗಿ ಮೊದಲಿಗಿಂತ ಗಟ್ಟಿಯಾಗುವುದು ಆಮೇಲಿನ ವಿಶ್ರಾಂತಿಯಲ್ಲಿ, ಊಟದಲ್ಲಿ, ನಿದ್ದೆಯಲ್ಲಿ. "ದಿನಾ ಕಲಿಸ್ರಿ" ಎಂದ ಪಾಲಕರಿಗೆ ನನ್ನ ಉತ್ತರ ಇದು: ಮಂಗಳವಾರ ಸುಮ್ಮನಿರುವುದೂ ಸೋಮವಾರದ ತಾಲೀಮಿನ ಭಾಗವೇ.

ಬೇರೆ ಕಡೆ ತಂಡಗಳು ಎಷ್ಟು ಹೊತ್ತು ತಾಲೀಮು ಮಾಡುತ್ತವೆ? ಆರೇಳು ವರ್ಷದ ಹೊಸಬರು ವಾರಕ್ಕೆ ಒಂದೆರಡು ದಿನ, ದಿನಕ್ಕೆ ಒಂದು ತಾಸು. ಸ್ಪರ್ಧೆಗೆ ಹೋಗುವ ಮಕ್ಕಳ ತಂಡಗಳು ವಾರಕ್ಕೆ ಮೂರು ನಾಲ್ಕು ದಿನ, ಒಟ್ಟು 9 ರಿಂದ 12 ತಾಸು. ದೇಶದ ತಂಡಕ್ಕೆ ಸಿದ್ಧರಾಗುವವರು ವಾರಕ್ಕೆ 20, 30 ತಾಸು ಕೂಡ ಮಾಡುತ್ತಾರೆ. 2016ರ ರಿಯೋ ಒಲಿಂಪಿಕ್ಸಿನ ವಾಲ್ಟ್ ಸ್ಪರ್ಧೆಯಲ್ಲಿ ಕೇವಲ 0.150 ಅಂಕದಿಂದ ಕಂಚಿನ ಪದಕ ತಪ್ಪಿ ನಾಲ್ಕನೆಯವಳಾದ ಅಗರ್ತಲಾದ ದೀಪಾ ಕರ್ಮಾಕರಳ ಬದುಕು ಅಂಥದ್ದು. ಆದರೆ ಅವಳ ಬೆನ್ನಿಗೆ ಬಿಶ್ವೇಶ್ವರ ನಂದಿಯವರಂಥ ತರಬೇತುದಾರರು ವರ್ಷಾನುಗಟ್ಟಲೆ ನಿಂತಿದ್ದರು. ಅಂಥ ವೇಳಾಪತ್ರಿಕೆಯನ್ನು ಹಳ್ಳಿಯ ಶಾಲೆಯೊಂದು ನಕಲು ಮಾಡಬಾರದು. 1976ರಲ್ಲಿ 14 ವರ್ಷದ ನಾದಿಯಾ ಕೊಮನೆಚಿ ಪೂರ್ಣ ಹತ್ತು ಅಂಕ ಪಡೆದದ್ದನ್ನು ಜಗತ್ತು ಬೆರಗಾಗಿ ನೋಡಿತು ನಿಜ. ಆದರೆ 1997ರಿಂದ ಮಹಿಳೆಯರ ಒಲಿಂಪಿಕ್ಸ್ ಜಿಮ್ನಾಸ್ಟಿಕ್ಸಿಗೆ ಆ ವರ್ಷ 16 ತುಂಬುವವರೇ ಆಗಬೇಕೆಂಬ ನಿಯಮವಿದೆ. ಎಳೆಯ ಮೈಗೆ ಅಷ್ಟು ಭಾರ ಹೊರಿಸಬಾರದೆಂಬ ವಿಚಾರ ಅದರ ಹಿಂದೆ ಇದೆ.

ಮಕ್ಕಳ ವೈದ್ಯರು ಹೇಳುವ ಒಂದು ಸುಲಭ ಅಳತೆಯನ್ನು ಪಾಲಕರು ನೆನಪಿನಲ್ಲಿಡಬಹುದು. ಮಗುವಿಗೆ ಎಷ್ಟು ವರ್ಷವೋ ವಾರಕ್ಕೆ ಅದಕ್ಕಿಂತ ಹೆಚ್ಚು ತಾಸು ತಾಲೀಮು ಬೇಡ. ವಾರದಲ್ಲಿ ಒಂದೆರಡು ದಿನವಾದರೂ ಪೂರ್ತಿ ಬಿಡುವು ಇರಲಿ. ಹನ್ನೆರಡು ವರ್ಷದವನಿಗೆ 12 ತಾಸು ಎಂದರೆ ಅದು ಮೇಲಿನ ಮಿತಿ, ಮುಟ್ಟಲೇಬೇಕಾದ ಗುರಿಯಲ್ಲ. ವಸ್ತಿಯಿಂದ ನಡೆದು ಬರುವ, ಮನೆಗೆ ಹೋಗಿ ನೀರು ತರುವ, ರಜೆಯಲ್ಲಿ ಹೊಲದ ಕೆಲಸ ಮಾಡುವ ಮಗುವಿಗೆ ಅಷ್ಟರಮಟ್ಟಿಗೆ ಈ ಲೆಕ್ಕದಿಂದ ಕಳೆಯಬೇಕು. ಈ ಕಳೆಯುವ ಲೆಕ್ಕ ನನ್ನದು. ಆದರೂ ತಪ್ಪಲ್ಲ ಎಂದುಕೊಂಡಿದ್ದೇನೆ.

ಇನ್ನು ದಿನದ ತಾಲೀಮು. ನಮ್ಮ ಶಾಲೆಯಲ್ಲಿ ಒಂದು ಕಂಬ, ಒಂದು ಹಗ್ಗ ಇವೆ. 20 ಮಕ್ಕಳು ಕಂಬದ ಮುಂದೆ ಸಾಲು ನಿಂತರೆ, ಒಬ್ಬೊಬ್ಬರಿಗೆ ಹತ್ತಿ ಇಳಿಯಲು ಒಂದು ನಿಮಿಷವೆಂದರೂ, ಒಂದು ತಾಸಿನಲ್ಲಿ ಒಬ್ಬರಿಗೆ ಬರುವುದು ಮೂರೇ ಸರದಿ. ಮೂರು ನಿಮಿಷ ಕೆಲಸ, 57 ನಿಮಿಷ ನಿಲ್ಲುವುದು! ಮಗು ಒಂದು ತಾಸು ತಾಲೀಮು ಮಾಡಿತೆಂದು ನಾವು ತಿಳಿಯುತ್ತೇವೆ. ಅದು ಮಾಡಿದ್ದು ಮೂರು ನಿಮಿಷ. ತಿಳಿದ ತಂಡಗಳು ಹೀಗೆ ಮಾಡುವುದಿಲ್ಲ. 20 ಮಕ್ಕಳನ್ನು ಐದೈದರ ನಾಲ್ಕು ಗುಂಪು ಮಾಡಿ, ಒಂದು ಗುಂಪು ಕಂಬಕ್ಕೆ, ಒಂದು ಹಗ್ಗಕ್ಕೆ, ಒಂದು ಹಾಸಿನ ಮೇಲೆ ಲಾಗ ಹಾಕಲು ಮತ್ತು ಕೈ ಮೇಲೆ ನಿಲ್ಲಲು, ಒಂದು ದಂಡ-ಬೈಠಕ್ಕಿಗೆ. ಹದಿನೈದು ನಿಮಿಷಕ್ಕೊಮ್ಮೆ ಗುಂಪುಗಳು ಜಾಗ ಬದಲಿಸಬೇಕು. ಲೆಕ್ಕ ಮಾಡಿ ನೋಡಿ, ಮಕ್ಕಳೇ: ಕಂಬದ ಮೇಲೆ ಆಗಲೂ ಒಬ್ಬರಿಗೆ ಮೂರೇ ಸರದಿ. ಆದರೆ ಉಳಿದ 45 ನಿಮಿಷ ಈಗ ನಿಂತು ಹೋಗುವುದಿಲ್ಲ. ಕಂಬಕ್ಕೆ ಬೇಕಾದ ತೋಳಿನ ಬಲ, ಸೊಂಟದ ಬಾಗು, ಹೆದರಿಕೆ ಬಿಡುವ ಗುಣ ಎಲ್ಲ ಆ 45 ನಿಮಿಷದಲ್ಲಿಯೇ ಬರುತ್ತವೆ. ಎರಡು ತಾಸು ನಿಲ್ಲಿಸಿಕೊಂಡು ಕತ್ತಲು ಮಾಡುವ ಅಗತ್ಯವೂ ಉಳಿಯುವುದಿಲ್ಲ. ಕಂಬ ಮತ್ತು ಹಗ್ಗದ ಕೆಳಗೆ ಮಾತ್ರ ತಿಳಿದವರೊಬ್ಬರು ಯಾವಾಗಲೂ ನಿಂತಿರಬೇಕು.

ಯಾವುದರ ನಂತರ ಯಾವುದು ಎಂಬುದಕ್ಕೂ ಒಂದು ಕ್ರಮವಿದೆ. ಮೊದಲು ಹತ್ತು ಹದಿನೈದು ನಿಮಿಷ ಓಟ, ಜಿಗಿತ, ಕೀಲುಗಳನ್ನು ತಿರುಗಿಸುವುದು, ಮೈ ಬೆಚ್ಚಗಾಗಬೇಕು. ಕೂಡಲೆ ಹೊಸ ಪಟ್ಟು, ಇಲ್ಲವೆ ಭಯ ಹುಟ್ಟಿಸುವ ಪಟ್ಟು. ಆಮೇಲೆ ಬಂದ ಪಟ್ಟುಗಳ ಮರುಪಾಠ. ಬಲದ ಸಾಮು ಅದರ ನಂತರ. ಕೊನೆಗೆ ಹತ್ತು ನಿಮಿಷ ನಿಧಾನವಾಗಿ ಮೈ ಎಳೆದು ಸಡಿಲಿಸುವುದು. ಬಲದ ಸಾಮು ಮೊದಲು ಮಾಡಿಸಿ, ನಡುಗುವ ತೋಳುಗಳಿಂದ ಹೊಸ ಪಟ್ಟು ಹಿಡಿಸಿದರೆ ಏನಾದೀತೆಂದು ನಾನು ಮೇಲೆಯೇ ಹೇಳಿದ್ದೇನೆ. ಗುಂಪುಗಳು ಸರದಿಯಂತೆ ತಿರುಗುವಾಗ ಯಾವುದಾದರೊಂದು ಗುಂಪಿಗೆ ದಂಡ-ಬೈಠಕ್ ಮೊದಲು ಬಂದೇ ಬರುತ್ತದೆಯಲ್ಲ ಎಂದು ಜಾಣ ಹುಡುಗರು ಕೇಳಬಹುದು. ಆ ದಿನ ಆ ಗುಂಪಿಗೆ ಹೊಸ ಪಟ್ಟು ಇಲ್ಲ, ಹಳೆಯದೇ. ಮುಂದಿನ ಸಲ ಅವರಿಗೆ ಕಂಬವೇ ಮೊದಲು.

ಇಷ್ಟೆಲ್ಲ ತಿಳಿದ ಮೇಲೆ ನಮ್ಮಂಥ ಶಾಲೆಯ ವಾರ ಹೇಗಿರಬಹುದೆಂದು ದೈಹಿಕ ಶಿಕ್ಷಣದ ಶಿಕ್ಷಕರೊಡನೆ ಕುಳಿತು ಬರೆದೆವು. ಸೋಮವಾರ ಒಂದೂವರೆ ತಾಸು, ಹೊಸ ಪಟ್ಟುಗಳಿಗೆ: ರವಿವಾರದ ಬಿಡುವಿನಿಂದ ಮೈ ಹಗುರಾಗಿರುತ್ತದೆ. ಬುಧವಾರ ಒಂದೇ ತಾಸು, ಕಂಬ ಹತ್ತುವುದು ಕಡಿಮೆ, ಬಲ ಮತ್ತು ಬಾಗು ಹೆಚ್ಚು. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ, ಸ್ವಲ್ಪ ತಿಂದು ಸುಧಾರಿಸಿಕೊಂಡು ಎರಡು ತಾಸು, ಎಲ್ಲ ಪಟ್ಟುಗಳನ್ನೂ ಜೋಡಿಸಿ ಮೊದಲಿನಿಂದ ಕೊನೆಯವರೆಗೆ ಮಾಡುವುದಕ್ಕೆ. ಒಟ್ಟು ನಾಲ್ಕೂವರೆ ತಾಸು. ಡಿಸೆಂಬರ್ ತಿಂಗಳಲ್ಲಿ 6 ಗಂಟೆಗೇ ಕತ್ತಲು ಕವಿಯುವುದರಿಂದ, ಸೋಮವಾರದ ಕೊನೆಯ ಆಟದ ತಾಸನ್ನೇ ಇದಕ್ಕೆ ಸೇರಿಸಿದರೆ ಮಕ್ಕಳು ಪೌಣೆ ಆರಕ್ಕೆ ಹೊರಡಬಹುದು. ಮಂಗಳವಾರ, ಗುರುವಾರ, ಶುಕ್ರವಾರದ ಸಂಜೆಗಳು ಪುಸ್ತಕಕ್ಕೆ. ಆ ತಾಯಿಯ ಪ್ರಶ್ನೆಗೆ ಇದು ಉತ್ತರ. ಆದರೆ ಆ ಸಂಜೆಗಳಲ್ಲಿ ಹುಡುಗ ನಿಜವಾಗಿ ಪುಸ್ತಕ ಹಿಡಿಯುತ್ತಾನೋ ಇಲ್ಲವೋ ಎಂಬುದನ್ನು ಮನೆಯವರೇ ನೋಡಬೇಕು.

ವರ್ಷವೆಲ್ಲ ಒಂದೇ ಸಮನೆ ಹೀಗೆ ನಡೆಯುವುದಿಲ್ಲ. ಜೂನ್, ಜುಲೈ ತಿಂಗಳಲ್ಲಿ ಮೈ ಗಟ್ಟಿ ಮಾಡುವುದೇ ಹೆಚ್ಚು. ದೀಪಾವಳಿಯ ರಜೆಯಿಂದ ಬಂದವರು ಮೊದಲ ವಾರ ಅರ್ಧ ಮಾತ್ರ ಮಾಡಬೇಕು. ಕಬ್ಬಿನ ಹಂಗಾಮಿಗೆ ತಂದೆತಾಯಿಯರ ಜೊತೆ ಹೋಗಿ ಬಂದ ಮಕ್ಕಳಿಗೆ ಇನ್ನೂ ನಿಧಾನ ಬೇಕು. ಅವರು ಗೆಳೆಯರ ಸರಿಸಮ ಹತ್ತಲು ಆತುರಪಡುತ್ತಾರೆ. ಸ್ನೇಹ ಸಮ್ಮೇಳನ, ಸ್ಪರ್ಧೆ ಇವುಗಳ ಹಿಂದಿನ ವಾರ ತಾಲೀಮನ್ನು ಹೆಚ್ಚಿಸುವ ಬದಲು ಅರ್ಧಕ್ಕೆ ಇಳಿಸಬೇಕು. ಪಟ್ಟುಗಳು ಅವೇ, ಸರದಿಗಳು ಕಡಿಮೆ. ಇದನ್ನು ಒಪ್ಪುವುದು ನಮಗೆ, ಶಿಕ್ಷಕರಿಗೆ, ಎಲ್ಲಕ್ಕಿಂತ ಕಠಿಣ. ವೇದಿಕೆಯ ಮುಂದೆ ಊರಿನ ಹಿರಿಯರು ಕೂಡುತ್ತಾರೆಂಬ ಅಂಜಿಕೆ ನಮ್ಮನ್ನು "ಇನ್ನೊಮ್ಮೆ, ಇನ್ನೊಮ್ಮೆ" ಎನ್ನಿಸುತ್ತದೆ.

ಹನ್ನೊಂದರಿಂದ ಹದಿನಾಲ್ಕರ ನಡುವೆ ಮಕ್ಕಳು ಒಮ್ಮೆಲೆ ಎತ್ತರವಾಗುತ್ತಾರೆ. ಆಗ ಎಲುಬಿನ ತುದಿಯ ಬೆಳೆಯುವ ಭಾಗ ಮೆತ್ತಗಿರುತ್ತದೆ. ಮಣಿಕಟ್ಟು ಅಥವಾ ಹಿಮ್ಮಡಿ ಒಂದೇ ಜಾಗದಲ್ಲಿ ನೋಯುತ್ತಿದೆ, ರಾತ್ರಿ ಕಳೆದರೂ ಹೋಗಿಲ್ಲ ಎಂದರೆ, ಎಣ್ಣೆ ತಿಕ್ಕಿ ಕಳಿಸಬೇಡಿ. ಆ ಮಗುವಿಗೆ ಕಂಬ ಬಿಡಿಸಿ ವೈದ್ಯರಿಗೆ ತೋರಿಸಿರಿ. ಹನ್ನೆರಡರ ಒಳಗಿನವರಿಗೆ 9 ತಾಸಾದರೂ, ಅದಕ್ಕೆ ಮೇಲ್ಪಟ್ಟವರಿಗೆ 8 ತಾಸಾದರೂ ನಿದ್ದೆ ಬೇಕು. ಊಟಕ್ಕೆ ವಿಶೇಷವೇನೂ ಬೇಡ: ಜೋಳದ ರೊಟ್ಟಿ, ಮೊಳಕೆಯ ಮಡಕಿ ಕಾಳು, ಶೇಂಗಾ, ಬೆಲ್ಲ ಇವೆಲ್ಲ ಮನೆಯಲ್ಲಿಯೇ ಇವೆ. ತುಂಬಿದ ಹೊಟ್ಟೆಯಲ್ಲಿ ಮಾತ್ರ ಕಂಬಕ್ಕೆ ಬರಬಾರದು.

ಹೆಣ್ಣುಮಕ್ಕಳ ಬಗ್ಗೆಯೂ ಒಂದು ಮಾತು. ಎಂಟನೆಯ ಇಯತ್ತೆಗೆ ಬರುತ್ತಲೇ ಹಲವರನ್ನು ಮನೆಯವರು ತಾಲೀಮಿನಿಂದ ಬಿಡಿಸುತ್ತಾರೆ. ಕೇಳಿದರೆ ಕತ್ತಲು ಎನ್ನುತ್ತಾರೆ. ಹಗ್ಗದ ಮಲ್ಲಕಂಬ ಎಲ್ಲ ಕಡೆಯೂ ಹೆಚ್ಚಾಗಿ ಹುಡುಗಿಯರದೇ ಆಟ. ಪೌಣೆ ಆರಕ್ಕೆ ಬಿಟ್ಟರೆ ಆ ಕಾರಣ ಉಳಿಯುವುದಿಲ್ಲ.

ಹತ್ತನೆಯ ಇಯತ್ತೆಯವರಿಗೆ ಜನವರಿಯಿಂದ ಪರೀಕ್ಷೆಯವರೆಗೆ ಸೋಮವಾರ, ಶನಿವಾರ ಮುಕ್ಕಾಲು ತಾಸಿನಂತೆ ಹಗುರಾದ ತಾಲೀಮು ಇದ್ದರೆ ಸಾಕು. ಪೂರ್ತಿ ಬಿಟ್ಟರೆ ಮೈ ಜಡವಾಗಿ ಓದೂ ಹತ್ತುವುದಿಲ್ಲ ಎಂಬುದು ನನ್ನ ಅನುಭವ. ಈ ವೇಳಾಪತ್ರಿಕೆಯ ಒಂದು ಪ್ರತಿಯನ್ನು ಬರುವ ಜೂನ್ ತಿಂಗಳಲ್ಲಿ ಪ್ರತಿಯೊಬ್ಬ ಮಗುವಿನ ದಿನಚರಿ ಪುಸ್ತಕಕ್ಕೆ ಅಂಟಿಸಿ ಮನೆಗೆ ಕಳಿಸುತ್ತೇವೆ. ಪಾಲಕರು ಅದರ ಕೆಳಗೆ ಸಹಿ ಮಾಡುವಾಗ ಮಗು ಎಷ್ಟು ಗಂಟೆಗೆ ಮನೆ ಮುಟ್ಟುತ್ತದೆ ಎಂಬುದನ್ನೂ ಬರೆದು ಕಳಿಸಬೇಕು.