ಥಂಡಿ ಹೊಡೆದ ಬಾಳೆಯ ಎಲೆ ಕೊಯ್ದು ಕೆಟ್ಟೆ

ನಮ್ಮ ಸಂಪಗಾಂವದ ಕಡೆ ಇಬ್ಬನಿ ಹೆಪ್ಪುಗಟ್ಟುವಂಥ ಚಳಿ ಇಲ್ಲ. ಆದರೆ ಬಾಳೆ ಕೆಡಲಿಕ್ಕೆ ಅಷ್ಟು ಚಳಿ ಬೇಕಾಗಿಯೂ ಇಲ್ಲ. ರಾತ್ರಿ ಉಷ್ಣತೆ 13 ಡಿಗ್ರಿಗಿಂತ ಕೆಳಗಿಳಿದು ನಾಲ್ಕಾರು ದಿನ ಅಲ್ಲೇ ನಿಂತರೆ ಸಾಕು. 2022ರ ಜನವರಿಯಲ್ಲಿ ನನ್ನ ಒಂದೆಕರೆ ಜಿ-9 ಬಾಳೆಗೆ ಆದದ್ದು ಇದೇ.

ಹಿಂದಿನ ಮೇ ಕೊನೆಗೆ ಹಚ್ಚಿದ್ದೆ. ಅರ್ಧದಷ್ಟು ಗಿಡ ಗೊನೆ ಹಾಕಿದ್ದವು. ಎಲೆಯ ಅಂಚು ಮೊದಲು ಹಳದಿ, ಆಮೇಲೆ ಸುಟ್ಟಂತೆ ಕಂದು. ಕೆಲವು ಗಿಡದಲ್ಲಿ ಗೊನೆ ಕುತ್ತಿಗೆಯಲ್ಲೇ ಸಿಕ್ಕಿಕೊಂಡಿತು. "ಕಾಕಾ, ಸುಟ್ಟ ಎಲಿ ಎಲ್ಲಾ ಕಡದ ಒಗೀರಿ, ಹೊಸಾವು ಬರ್ತಾವ" ಅಂದ ಬಾಜೂ ಹೊಲದ ಹುಡುಗ. ಅವನ ಮಾತು ಕೇಳಿ ಎರಡು ಸಾಲು ಬೋಳಿಸಿದೆ.

ತಪ್ಪಿದ್ದು ಇಲ್ಲೇ. ಗೊನೆ ಹಾಕಿದ ಬಾಳೆಗೆ ಹೊಸ ಎಲೆ ಬರೋದಿಲ್ಲ. ಎಲೆ ಹುಟ್ಟಿಸುವ ಸುಳಿಯೇ ಗೊನೆಯಾಗಿ ಹೊರಬಿದ್ದಿರುತ್ತದೆ. ಕಾಯಿ ತುಂಬಬೇಕಾದರೆ ಇದ್ದ ಎಲೆಯೇ ದುಡೀಬೇಕು. ಅರ್ಧ ಸುಟ್ಟ ಎಲೆಯ ಹಸಿರು ಭಾಗವೂ ದುಡಿಯುತ್ತದೆ, ಜೋತುಬಿದ್ದ ಒಣ ಎಲೆ ಗೊನೆಗೆ ಹೊದಿಕೆಯಾಗುತ್ತದೆ. (ಎಲೆಚುಕ್ಕೆ ರೋಗ ಇದ್ದರೆ ಮಾತು ಬೇರೆ, ಅದನ್ನು ಕೊಯ್ಯಲೇಬೇಕು.)

ಉಳಿದ ಸಾಲುಗಳಿಗೆ ಕುಡುಗೋಲು ಮುಟ್ಟಿಸಲಿಲ್ಲ. ಕರೆಂಟು ಹೇಗೂ ರಾತ್ರಿಯೇ ಕೊಡ್ತಾರ, ಅದೇ ಅನುಕೂಲವಾಯಿತು. ಬೋರಿನ ನೀರು ಚಳಿಗಾಳಿಗಿಂತ ಬೆಚ್ಚಗಿರುತ್ತದೆ. ಆದರೆ ಎರೆಮಣ್ಣು, ನೀರು ನಿಲ್ಲಿಸಿದರೆ ಬೇರು ಕೊಳೀತಾವ, ಹದವಷ್ಟೇ ಕೊಟ್ಟೆ. ಹಸಿ ರವದಿ ಸುಟ್ಟು ಹೊಗೆ ಹಾಕಿದ್ದೂ ಉಂಟು. ಗಾಳಿ ಇದ್ದ ರಾತ್ರಿ ಹೊಗೆಯೆಲ್ಲ ಪಕ್ಕದ ಕಬ್ಬಿಗೆ ಹೋಯಿತು! ಯೂರಿಯಾಕ್ಕೆ ಅವಸರ ಮಾಡಲಿಲ್ಲ, ಥಂಡಿಯಲ್ಲಿ ಬೇರು ಉಣ್ಣೋದೇ ಕಡಿಮೆ. ಬಿಸಿಲು ಏರಿದ ಮೇಲೆ ಕೊಟ್ಟೆ.

ಕೊನೆಯ ಚಿಪ್ಪು ಬಿಚ್ಚಿದ ಮೇಲೆ ತುದಿಯ ಹೂ ಮುರಿದು, ಎಲೆ ಕಡಿಮೆ ಉಳಿದ ಗಿಡದಲ್ಲಿ ಕೆಳಗಿನ ಎರಡು ಚಿಪ್ಪನ್ನೂ ತೆಗೆದೆ. ಮನಸ್ಸು ಒಪ್ಪಲಿಲ್ಲ, ಆದರೂ ತೆಗೆದೆ. ಲೀಟರಿಗೆ 15 ಗ್ರಾಂ ಪೊಟ್ಯಾಷಿಯಂ ಸಲ್ಫೇಟ್ ಕಲಸಿ ಗೊನೆಗೆ ಎರಡು ಸಲ ಸಿಂಪಡಿಸಿ, ತೂತು ಇರುವ ಪ್ಲಾಸ್ಟಿಕ್ ಚೀಲ ತೊಡಿಸಿದೆ. ಸಿಕ್ಕಿಕೊಂಡ ಗೊನೆಗಳಿಗೆ ದಿಂಡಿನ ಕುತ್ತಿಗೆ ಬದಿಯಲ್ಲಿ ಮೆಲ್ಲಗೆ ಸೀಳಿ ದಾರಿ ಮಾಡಿದೆ. ಅರ್ಧ ಹೊರಬಂದವು. ಬಾರದವನ್ನು ಕಡಿದು ಬುಡದ ಮರಿಗೆ ಜಾಗ ಬಿಟ್ಟೆ.

ಎಲೆ ಉಳಿಸಿದ ಸಾಲುಗಳ ಗೊನೆ ತಿಂಗಳು ತಡವಾಗಿ, ತೂಕ ಕಡಿಮೆಯಾಗಿಯಾದರೂ ಮಾರಾಟವಾದವು. ಬೋಳಿಸಿದ ಎರಡು ಸಾಲಿನ ಕಾಯಿ ಬೆರಳಿನಷ್ಟೇ ಉಳಿದವು. ವ್ಯಾಪಾರಿ ಮುಟ್ಟಲಿಲ್ಲ, ದನ ತಿಂದವು.

ಈಗ ಸಪ್ಟೆಂಬರದಾಗ ಹಚ್ಚತೇನಿ. ಎಳೆ ಗಿಡಕ್ಕೆ ಥಂಡಿ ಹೊಡೆದರೂ ಮತ್ತೆ ಎಲೆ ಬಿಡ್ತದೆ. ಗೊನೆ ಹೊರಡೋದು ಬೇಸಿಗೆಗೆ. ಆವಾಗ ಬೋರು ಎಷ್ಟು ಎತ್ತತದ ಅನ್ನೋದೇ ಚಿಂತಿ.