ಓಣಿಯಲ್ಲಿ ಕಾಕಾ, ಶಾಲೆಯಲ್ಲಿ ಸರ್

ಮರಣ ಹೊಂದಿದವರ ಒಳ್ಳೆಯ ಗುಣಗಳನ್ನು ನೆನೆಯಬೇಕು, ಅವರ ಕುಂದುಗಳನ್ನು ಎತ್ತಿ ಆಡಬಾರದು ಎಂದು ಪ್ರವಾದಿ(ಸ)ರವರು ನಮಗೆ ಕಲಿಸಿದ್ದಾರೆ. ನಮ್ಮ ಬಂಧುಗಳ ವಿಷಯದಲ್ಲಿ ಇದನ್ನು ಪಾಲಿಸುವುದು ಕಷ್ಟವಲ್ಲ. ಆದರೆ ಬಂಧುಗಳಷ್ಟೇ ಉಪಕಾರ ಮಾಡಿದ, ನಮ್ಮ ಧರ್ಮದವರಲ್ಲದ ನೆರೆಯವರೊಬ್ಬರು ತೀರಿಕೊಂಡರೆ ಅವರನ್ನು ಹೇಗೆ ನೆನೆಯಬೇಕು? ಅವರ ಮನೆಗೆ ಹೋಗಿ ಕೂರಬಹುದೇ? ಅವರಿಗಾಗಿ ಏನು ಮಾಡಬಹುದು, ಏನು ಮಾಡಬಾರದು?

ಕುಕನೂರಿನ ನಮ್ಮ ಓಣಿಯ ಹೆಣ್ಣುಮಕ್ಕಳು ಕಳೆದ ವರ್ಷ ನನ್ನನ್ನು ಕೇಳಿದ ಪ್ರಶ್ನೆಗಳಿವು. ನಾನು ಮದ್ರಸಾದಲ್ಲಿ ಓದಿದವಳೆಂದು ಕೇಳಿದರು. ಉತ್ತರ ನನಗೂ ಬೇಕಾಗಿತ್ತು. ಏಕೆಂದರೆ ತೀರಿಕೊಂಡವರು ನನಗೆ ಪಾಠ ಮಾಡುವುದನ್ನು ಕಲಿಸಿದವರು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರು ಹಾಕಿಸಿಕೊಳ್ಳುವುದು ಅವರಿಗೆ ಸೇರುತ್ತಿರಲಿಲ್ಲ. ಶಾಲೆಗೆ ಬೆಂಚು ಕೊಟ್ಟ ದಾನಿಯೊಬ್ಬರು ಅದರ ಮೇಲೆ ತಮ್ಮ ಹೆಸರು ಬರೆಸಬೇಕೆಂದಾಗ, "ಬ್ಯಾಡ್ರೀ, ನಿಮ್ಮ ಹೆಸರಿನ ಮ್ಯಾಲ ಹುಡುಗ್ರು ಕುಂದರ್ತಾವು" ಎಂದು ನಗಿಸಿ ಕಳಿಸಿದ್ದರು. ಓಣಿಯಲ್ಲಿ ನಮಗೆಲ್ಲ ಅವರು ಕಾಕಾ. ಶಾಲೆಯ ಗೇಟು ದಾಟಿದ ಮೇಲೆ ಸರ್.

ಗೋಡೆಯಾಚೆಯ ಮನೆ

ನಮ್ಮದು ನವಲಿಂಗ ದೇವಾಲಯದ, ಮಹಾಮಾಯಿ ಗುಡಿಯ ಹಳೆಯ ಊರು. ಹತ್ತಿರದಲ್ಲೇ ಇಟಗಿಯ ಮಹಾದೇವ ದೇವಾಲಯವಿದೆ, 1112ರಲ್ಲಿ ಕಟ್ಟಿದ್ದು. ಈ ಸೀಮೆ 1948ರವರೆಗೆ ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು. ಆಗ ಸರಕಾರದ ಭಾಷೆ ಉರ್ದು. ಹೀಗಾಗಿ ಕಾಕಾ ಅವರ ತಂದೆ ಲಿಂಗಾಯತರಾದರೂ ಉರ್ದು ಓದಿ ಬರೆಯುತ್ತಿದ್ದರು. ಕಾಕಾ ನಾಲ್ಕು ವರ್ಷದವರಿರುವಾಗ ನಿಜಾಮರ ಆಳ್ವಿಕೆ ಮುಗಿಯಿತು. ಅವರು ಕನ್ನಡ ಶಾಲೆಗೆ ಹೋದರು, ಕನ್ನಡ ಮಾಸ್ತರರಾದರು. ತಂದೆಯ ಉರ್ದು ಲೆಕ್ಕದ ವಹಿಗಳನ್ನು ಮಾತ್ರ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದರು. ನಾನು ಮದ್ರಸಾದಿಂದ ರಜೆಗೆ ಬಂದಾಗಲೆಲ್ಲ ಒಂದೊಂದು ವಹಿ ತೆಗೆದು, "ಇದರಾಗ ನಮ್ಮಪ್ಪ ಏನ್ ಬರದಾನ, ಓದವ್ವಾ" ಎಂದು ಮುಂದಿಡುತ್ತಿದ್ದರು. ಅದರಲ್ಲಿ ಇರುತ್ತಿದ್ದುದು ಇಷ್ಟೇ: ಯಾರಿಗೆ ಎಷ್ಟು ಚೀಲ ಜೋಳ ಕೊಟ್ಟರು, ಯಾರಿಂದ ಎಷ್ಟು ಬಂತು. ಆದರೂ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಬೇಸಿಗೆಯಲ್ಲಿ ನಮ್ಮ ಕಡೆ ನಳದ ನೀರು ದಿನಾ ಬರುವುದಿಲ್ಲ. ಕಾಕಾ ಅವರ ಮನೆಯಲ್ಲಿ ಬೋರ್ ಇತ್ತು. ಮೋಟಾರು ಹಚ್ಚಿದ ಕೂಡಲೇ ಪೈಪನ್ನು ಗೋಡೆಯ ಮೇಲಿಂದ ನಮ್ಮ ಅಂಗಳಕ್ಕೆ ಬಿಡುತ್ತಿದ್ದರು. ಮೊದಲು ನಮ್ಮ ಕೊಡಗಳು, ಆಮೇಲೆ ಅವರ ಮನೆಯ ಹಂಡೆ. ನಮ್ಮ ಅಮ್ಮಿ ಸಂಕೋಚಪಟ್ಟರೆ ಕಾಕಿ, "ನಿಮ್ಮ ಮನ್ಯಾಗ ಮಂದಿ ಹೆಚ್ಚದಾರ, ಮೊದಲು ತುಂಬ್ಕೊಳ್ರಿ" ಎನ್ನುತ್ತಿದ್ದರು. ಯುಗಾದಿಗೆ ಅವರಿಂದ ಹೋಳಿಗೆ ಬರುತ್ತಿತ್ತು, ಈದ್‌ಗೆ ನಮ್ಮಿಂದ ಸುರಕುಂಬಾ ಹೋಗುತ್ತಿತ್ತು. ಬಕ್ರೀದ್ ದಿನ ಅವರಿಗೆ ಬಾಳೆಹಣ್ಣು ಕಳಿಸುತ್ತಿದ್ದೆವು.

ಪ್ರವಾದಿವರ್ಯರ(ಸ) ಸಂಗಾತಿ ಅಬ್ದುಲ್ಲಾ ಬಿನ್ ಅಮ್ರ್(ರ) ಅವರ ಮನೆಯಲ್ಲಿ ಒಮ್ಮೆ ಆಡು ಕೊಯ್ದಿದ್ದರು. ಮನೆಗೆ ಬಂದವರೇ ಅವರು, ನೆರೆಯ ಯಹೂದಿಗೆ ಪಾಲು ಹೋಯಿತೇ ಎಂದು ಮತ್ತೆ ಮತ್ತೆ ವಿಚಾರಿಸಿದರಂತೆ. ನೆರೆಯವರ ಹಕ್ಕಿನ ಬಗ್ಗೆ ಜಿಬ್ರೀಲ್(ಅ) ಎಷ್ಟು ಒತ್ತಿ ಹೇಳಿದರೆಂದರೆ, ನೆರೆಯವರಿಗೆ ಆಸ್ತಿಯಲ್ಲೂ ಪಾಲು ಕೊಡಬೇಕಾದೀತೇನೋ ಎಂದು ಪ್ರವಾದಿ(ಸ)ರವರಿಗೆ ಅನಿಸಿತ್ತು. ಈ ಹದೀಸನ್ನು ಅಬ್ದುಲ್ಲಾ(ರ) ನೆನಪಿಸಿದ್ದು ಯಹೂದಿ ನೆರೆಯವನ ಸಂದರ್ಭದಲ್ಲಿ ಎಂಬುದನ್ನು ನಾವು ಗಮನಿಸಬೇಕು.

ಕಲಿಸುವುದನ್ನು ಕಲಿಸಿದವರು

ನಾನು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ ಹೆಣ್ಣುಮಕ್ಕಳ ಮದ್ರಸಾಕ್ಕೆ ಸೇರಿದವಳು. ಐದು ವರ್ಷದ ನಂತರ ಊರಿಗೆ ಮರಳಿದಾಗ ಮನೆಯಲ್ಲಿ ಮದುವೆಯ ಮಾತು. ಕಾಕಾ ನಮ್ಮ ಅಬ್ಬಾನ ಬಳಿ ಬಂದು ಕುಳಿತು, "ಈಕಿ ಅರಬ್ಬಿ ವ್ಯಾಕರಣ ಕಲತಾಳ, ಎಸ್ಸೆಸ್ಸೆಲ್ಸಿ ಯಾವ ಲೆಕ್ಕ? ಖಾಸಗಿಯಾಗಿ ಕಟ್ಟಸ್ರಿ" ಎಂದರು. ಅಬ್ಬಾ ಹೂಂ ಎಂದರು. ಫಾರ್ಮು ತುಂಬಿಸಿದ್ದು, ಗಣಿತ ಹೇಳಿಕೊಟ್ಟದ್ದು ಕಾಕಾ. ಪಾಠ ಹೇಳುವಾಗ ನಡುಮನೆಯಲ್ಲೇ ಕೂರುತ್ತಿದ್ದರು, ಕಾಕಿ ಅಲ್ಲೇ ಅಕ್ಕಿ ಆರಿಸುತ್ತಾ ಇರುತ್ತಿದ್ದರು. ನನ್ನ ಪರ್ದೆಯ ಬಗ್ಗೆ ಅವರು ಒಂದು ದಿನವೂ ಮಾತಾಡಲಿಲ್ಲ. ಅದಕ್ಕೆ ಕುಂದು ಬರದಂತೆ ಮಾತ್ರ ನಡೆದುಕೊಂಡರು. ಎಸ್ಸೆಸ್ಸೆಲ್ಸಿ ಆಯಿತು, ಪಿಯುಸಿ ಆಯಿತು. ಮದುವೆಯ ನಂತರ ಯಜಮಾನರ ಒಪ್ಪಿಗೆಯಿಂದ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಬಿ.ಎ.ಯೂ ಆಯಿತು.

ಅಷ್ಟರಲ್ಲಿ ಕಾಕಾ ಸರಕಾರಿ ನೌಕರಿಯಿಂದ ನಿವೃತ್ತರಾಗಿ ಊರಿನ ಒಂದು ಖಾಸಗಿ ಕನ್ನಡ ಶಾಲೆಯ ಮುಖ್ಯಸ್ಥರಾಗಿದ್ದರು. ನನ್ನನ್ನು ಟೀಚರಾಗಿ ತೆಗೆದುಕೊಂಡರು. ಬುರ್ಖಾ ತೊಟ್ಟು ಬಂದು ಮದ್ರಸಾದಲ್ಲಿ ಓದಿದವಳು ನಮ್ಮ ಮಕ್ಕಳಿಗೆ ಎಂಥ ಕನ್ನಡ ಕಲಿಸಿಯಾಳು ಎಂದು ಕೆಲವು ಪಾಲಕರು ಬಂದು ಕೇಳಿದರು. ಸರ್ ಸಿಟ್ಟಾಗಲಿಲ್ಲ. "ನಮ್ಮಪ್ಪ ಲಿಂಗ ಕಟ್ಕೊಂಡು ಉರ್ದು ಕಲತ. ಈಕಿ ಬುರ್ಖಾ ಹಾಕ್ಕೊಂಡು ಕನ್ನಡ ಕಲಸ್ತಾಳ. ಇದರಾಗ ಹೊಸಾದು ಏನೈತಿ? ಬರ್ರಿ, ಹಿಂದಿನ ಬೆಂಚಿನ್ಯಾಗ ಕುಂತು ಕೇಳ್ರಿ" ಎಂದರು. ಇಬ್ಬರು ನಿಜವಾಗಿಯೂ ಬಂದು ಕುಳಿತರು. ನನ್ನ ಕೈ ನಡುಗುತ್ತಿತ್ತು, ಬೋರ್ಡಿನ ಮೇಲೆ ಅಕ್ಷರಗಳು ಏರುತ್ತಾ ಹೋಗುತ್ತಿದ್ದವು. ಅಂದು ಒತ್ತಕ್ಷರ ಕಲಿಸಿದೆ. ಮರುವರ್ಷ ಅವರಲ್ಲೊಬ್ಬರು ತಮ್ಮ ಎರಡನೆಯ ಮಗಳನ್ನೂ ನನ್ನ ತರಗತಿಗೇ ಹಾಕಿಸಿದರು.

ಸರ್ ಕಲಿಸಿದ ಪಾಠಗಳು ಯಾವ ತರಬೇತಿಯಲ್ಲೂ ನನಗೆ ಸಿಗಲಿಲ್ಲ. ಮಗುವಿನ ತಪ್ಪು ಉತ್ತರವನ್ನು ಕೆಂಪು ಮಸಿಯಲ್ಲಿ ಹೊಡೆದು ಹಾಕಿದ್ದನ್ನು ಕಂಡು ಒಮ್ಮೆ ಹೇಳಿದರು: "ಯವ್ವಾ, ಹುಡುಗ ತಪ್ಪು ಬರದ್ರ ಅದು ನಿನಗ ಬರದ ಪತ್ರ ಅನ್ಕೊ. ಎಲ್ಲಿ ತಿಳದಿಲ್ಲ ಅನ್ನೂದು ಅದರಾಗ ಇರತೈತಿ. ಪತ್ರ ಓದಬೇಕು, ಹರೀಬಾರದು." ಬೆತ್ತವನ್ನು ಅವರು ಎಂದೋ ಬಿಟ್ಟಿದ್ದರು. ಶಾಲೆಯಲ್ಲಿ ಮಕ್ಕಳನ್ನು ಹೊಡೆಯಬಾರದೆಂಬ ನಿಯಮವಿರುವ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ನಮ್ಮ ಶಾಲೆಯಲ್ಲಿ ಬದಲಾಯಿಸಬೇಕಾದದ್ದು ಏನೂ ಇರಲಿಲ್ಲ.

ಪೆನ್ಸಿಲಿನ ಹಾಜರಿ

ಮಳೆ ಕೈಕೊಟ್ಟ ವರ್ಷ ನಮ್ಮ ಜಿಲ್ಲೆಯ ಬಡವರು ಗುಳೆ ಹೋಗುತ್ತಾರೆ. ಕಟ್ಟಡ ಕೆಲಸಕ್ಕೆ ಬೆಂಗಳೂರು, ಮಂಗಳೂರು, ಗೋವಾ. ಅಪ್ಪ ಅವ್ವನ ಜೊತೆ ಮಕ್ಕಳೂ ಹೋಗುತ್ತಾರೆ. ಹೋದ ಮಗು ಹೊಳ್ಳಿ ಶಾಲೆಗೆ ಬರುವುದು ಕಡಿಮೆ, ಹೆಣ್ಣುಮಗುವಾದರೆ ಇನ್ನೂ ಕಡಿಮೆ. ಸರಕಾರ ಬಿಸಿಯೂಟದ ಅಕ್ಷರ ದಾಸೋಹ ಯೋಜನೆಯನ್ನು 2002ರಲ್ಲಿ ಮೊದಲು ಆರಂಭಿಸಿದ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು ಎಂದರೆ ಇಲ್ಲಿಯ ಸ್ಥಿತಿ ತಿಳಿಯುತ್ತದೆ.

ಗುಳೆ ಹೋದವರ ಮಕ್ಕಳ ಹೆಸರಿಗೆ ಹಾಜರಿ ಪುಸ್ತಕದಲ್ಲಿ ಅಡ್ಡಗೆರೆ ಹೊಡೆಯಲು ಸರ್ ಬಿಡುತ್ತಿರಲಿಲ್ಲ. "ಪೆನ್ಸಿಲ್‌ಲೆ ಒಂದು ಚುಕ್ಕಿ ಇಡು. ಬಂದ ಮ್ಯಾಲ ಅಳಸೂಣು" ಎನ್ನುತ್ತಿದ್ದರು. ಸುಮ್ಮನೆ ಕಾಯುತ್ತಲೂ ಇರಲಿಲ್ಲ. ದಸರೆಯ ನಂತರ ಸಂಜೆ ಸಂಜೆ ಮನೆ ಮನೆಗೆ ಹೋಗಿ, ಮಕ್ಕಳನ್ನು ಅಜ್ಜಿಯ ಬಳಿಯಾದರೂ ಬಿಟ್ಟು ಹೋಗಿರೆಂದು ಕೇಳುತ್ತಿದ್ದರು. ನಮ್ಮವರ ಮನೆಗಳಿಗೆ ಹೋಗುವಾಗ ಯಜಮಾನರನ್ನೂ ನನ್ನನ್ನೂ ಕರೆದೊಯ್ಯುತ್ತಿದ್ದರು. ಒಳಗೆ ಹೋಗಿ ತಾಯಂದಿರೊಡನೆ ಮಾತಾಡುವ ಕೆಲಸ ನನ್ನದು. ಗಂಡಸರು ಕಟ್ಟೆಯ ಮೇಲೆ ಒಪ್ಪದ ಮಾತನ್ನು ಹೆಂಗಸರು ಒಲೆಯ ಮುಂದೆ ಒಪ್ಪುತ್ತಾರೆಂದು ಆಗ ಕಂಡುಕೊಂಡೆ. ಹಾಗೆ ಉಳಿದುಕೊಂಡ ಹುಡುಗಿಯರಲ್ಲಿ ಒಬ್ಬಳು ಇಂದು ನರ್ಸ್, ಮತ್ತೊಬ್ಬಳು ಅಂಗನವಾಡಿ ಕಾರ್ಯಕರ್ತೆ.

ಸಾವಿನ ಮನೆಯಲ್ಲಿ

ಎಂಬತ್ತು ದಾಟಿದ್ದ ಕಾಕಾ ಒಂದು ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಓಣಿಯ ನಮ್ಮ ಹೆಣ್ಣುಮಕ್ಕಳು ಬಂದು ಆರಂಭದಲ್ಲಿ ಹೇಳಿದ ಪ್ರಶ್ನೆಗಳನ್ನು ಕೇಳಿದ್ದು ಆಗಲೇ. ಹೋಗಬಾರದೆಂದು ಯಾರೋ ಹೇಳಿದ್ದರಂತೆ.

ನಾನು ಅವರಿಗೆ ಬುಖಾರಿಯಲ್ಲಿ ಬಂದಿರುವ ಘಟನೆ ಹೇಳಿದೆ. ಒಂದು ಶವಯಾತ್ರೆ ಹಾದುಹೋಗುವಾಗ ಪ್ರವಾದಿ(ಸ)ರವರು ಎದ್ದು ನಿಂತರು. ಅದು ಯಹೂದಿಯ ಶವವೆಂದು ತಿಳಿಸಿದಾಗ, ಅದೂ ಒಂದು ಜೀವವಲ್ಲವೇ ಎಂಬರ್ಥದಲ್ಲಿ ಕೇಳಿದರು. ಜಅಫರ್(ರ) ಮುಅ್ತಾ ಯುದ್ಧದಲ್ಲಿ ಹುತಾತ್ಮರಾದಾಗ, ದುಃಖದಲ್ಲಿರುವ ಅವರ ಮನೆಯವರಿಗೆ ಅಡುಗೆ ಮಾಡಿ ಕಳಿಸಲು ಪ್ರವಾದಿ(ಸ)ರವರು ಹೇಳಿದ್ದನ್ನೂ ನೆನಪಿಸಿದೆ. ದುಃಖದಲ್ಲಿರುವ ಮನೆಯಲ್ಲಿ ಒಲೆ ಹಚ್ಚುವ ಚೈತನ್ಯ ಯಾರಿಗೂ ಇರುವುದಿಲ್ಲ. ಅದು ಎಲ್ಲ ಧರ್ಮದ ಮನೆಗೂ ಒಂದೇ.

ಗಂಡಸರು ಮಣ್ಣಿಗೆ ಹೋದರು. ಲಿಂಗಾಯತರೂ ನಮ್ಮಂತೆ ಮಣ್ಣು ಮಾಡುವವರು. ನಮ್ಮ ಯಜಮಾನರೂ ಒಂದು ಹಿಡಿ ಮಣ್ಣು ಹಾಕಿ ಬಂದರು. ನಾವು ಹೆಂಗಸರು ಹೊಸ ಡಬರಿಯೊಂದನ್ನು ತರಿಸಿ, ಮಾಂಸ ಬೇಯಿಸಿದ ಪಾತ್ರೆ ಮುಟ್ಟಿಸದೆ ಬ್ಯಾಳಿ ಸಾರು ಮಾಡಿ, ಜೋಳದ ರೊಟ್ಟಿ ಬಡಿದು ಒಯ್ದೆವು. ದೂರದಿಂದ ಬಂದಿದ್ದ ನೆಂಟರಲ್ಲಿ ಒಬ್ಬಿಬ್ಬರು ತಡೆದರು. ಕಾಕಿ ಏನೂ ಹೇಳಲಿಲ್ಲ. ಕುಳಿತಲ್ಲಿಂದಲೇ ಕೈ ಚಾಚಿ ಒಂದು ರೊಟ್ಟಿ ತೆಗೆದುಕೊಂಡು ಮುರಿದರು. ಆಮೇಲೆ ಎಲ್ಲರೂ ಉಂಡರು.

ಮುತ್‌ಇಮ್‌ರ ಋಣ

ಕೊನೆಯ ಪ್ರಶ್ನೆ ಕಠಿಣವಾದದ್ದು. ಕಾಕಾ ಅವರ ಪರಲೋಕದ ಮಗ್ಫಿರತ್‌ಗಾಗಿ ದುಆ ಮಾಡಬಹುದೇ ಎಂದು ನಮ್ಮ ತಂಗಿಯೊಬ್ಬಳು ಕಣ್ಣೀರು ಹಾಕುತ್ತಾ ಕೇಳಿದಳು. ಈ ವಿಷಯದಲ್ಲಿ ಕುರ್‌ಆನ್‌ನ ಆಧಾರದಲ್ಲಿ ಉಲಮಾಗಳು ಎಳೆದ ಗೆರೆ ನನಗೆ ಗೊತ್ತಿದೆ, ಅದನ್ನು ಮುಚ್ಚಿಡಲಿಲ್ಲ. ಯಾರ ಲೆಕ್ಕ ಹೇಗೆ ಎಂಬುದು ಎಲ್ಲವನ್ನೂ ಬಲ್ಲ, ಯಾರಿಗೂ ಅಣುವಿನಷ್ಟೂ ಅನ್ಯಾಯ ಮಾಡದ ಅಲ್ಲಾಹನ ಬಳಿ ಇದೆ. ಆದರೆ ಆ ಗೆರೆ ಕೃತಜ್ಞತೆಗೆ ಎಳೆದ ಗೆರೆಯಲ್ಲ. ಅದಕ್ಕೆ ಪ್ರವಾದಿವರ್ಯರ(ಸ) ಜೀವನದಲ್ಲೇ ನಿದರ್ಶನವಿದೆ.

ಮಕ್ಕಾದ ಮುತ್‌ಇಮ್ ಬಿನ್ ಅದಿಯ್ಯ್ ಇಸ್ಲಾಮ್ ಸ್ವೀಕರಿಸಿದವರಲ್ಲ. ಆದರೆ ಕುರೈಶರು ಪ್ರವಾದಿ(ಸ)ರವರ ಕುಟುಂಬಕ್ಕೆ ಸುಮಾರು ಮೂರು ವರ್ಷ ಹಾಕಿದ್ದ ಬಹಿಷ್ಕಾರವನ್ನು ಮುರಿಯಲು ನಿಂತವರಲ್ಲಿ ಅವರೊಬ್ಬರು. ಪ್ರವಾದಿ(ಸ)ರವರು ತಾಇಫ್‌ನಿಂದ ಕಲ್ಲೇಟು ತಿಂದು ಮರಳಿದಾಗ, ಮಕ್ಕಾ ಪ್ರವೇಶಿಸಲು ರಕ್ಷಣೆ ಕೊಟ್ಟವರೂ ಅವರೇ. ಮಕ್ಕಳ ಕೈಗೆ ಆಯುಧ ಕೊಟ್ಟು ಕಾವಲು ನಿಲ್ಲಿಸಿದರು. ಬದ್ರ್ ಯುದ್ಧಕ್ಕೆ ಮುಂಚೆಯೇ ತೀರಿಕೊಂಡರು. ಬದ್ರ್‌ನಲ್ಲಿ ಎಪ್ಪತ್ತು ಮಂದಿ ಸೆರೆಸಿಕ್ಕಾಗ ಪ್ರವಾದಿ(ಸ)ರವರು ಅವರನ್ನು ನೆನೆದರು. ಮುತ್‌ಇಮ್ ಬದುಕಿದ್ದು ಈ ಕೈದಿಗಳಿಗಾಗಿ ಕೇಳಿಕೊಂಡಿದ್ದರೆ, ಅವರಿಗಾಗಿ ಎಲ್ಲರನ್ನೂ ಬಿಟ್ಟುಬಿಡುತ್ತಿದ್ದೆ ಎಂಬ ಅರ್ಥದ ಮಾತು ಹೇಳಿದರು. ಈ ಹದೀಸನ್ನು ನಮಗೆ ತಲುಪಿಸಿದವರು ಮುತ್‌ಇಮ್‌ರ ಮಗ ಜುಬೈರ್, ಅವರು ಮುಂದೆ ಇಸ್ಲಾಮ್ ಸ್ವೀಕರಿಸಿದರು. ಮುತ್‌ಇಮ್ ತೀರಿಕೊಂಡಾಗ ಹಸ್ಸಾನ್ ಬಿನ್ ಸಾಬಿತ್(ರ) ಶೋಕಗೀತೆ ಕಟ್ಟಿದ್ದನ್ನು ಇಬ್ನು ಹಿಶಾಮ್ ದಾಖಲಿಸಿದ್ದಾರೆ.

ತೀರಿಹೋದ ಉಪಕಾರಿಯ ಋಣವನ್ನು ಪ್ರವಾದಿ(ಸ)ರವರು ಎಲ್ಲರ ಮುಂದೆ ಹೇಳಿಕೊಂಡರು. ನಾವು ಯಾಕೆ ಅಡಗಿಸಬೇಕು?

ನಮ್ಮ ಕೈಯಲ್ಲಿರುವುದು

ಹಾಗಾದರೆ ಅಂಥವರಿಗಾಗಿ ಏನು ಮಾಡಬಹುದು? ನನಗೆ ತೋಚಿದ್ದನ್ನು ಸಹೋದರಿಯರಿಗೆ ಹೇಳಿದ್ದೇನೆ. ಹೋದವರ ಮನೆಯಲ್ಲಿ ಉಳಿದವರನ್ನು ನೋಡಿಕೊಳ್ಳಬೇಕು. ಹಝ್ರತ್ ಖದೀಜಾ(ರ) ತೀರಿಕೊಂಡ ಎಷ್ಟೋ ವರ್ಷಗಳ ನಂತರವೂ ಪ್ರವಾದಿ(ಸ)ರವರು ಅವರ ಗೆಳತಿಯರಿಗೆ ಮಾಂಸ ಕಳಿಸುತ್ತಿದ್ದರು. ನೆನಪೆಂದರೆ ಅದು. ಕಾಕಿಯ ಮಕ್ಕಳು ಹುಬ್ಬಳ್ಳಿಯಲ್ಲಿದ್ದಾರೆ. ದಿನಕ್ಕೊಮ್ಮೆ ನಮ್ಮಲ್ಲಿ ಯಾರಾದರೂ ಹೋಗಿ ಅವರ ಗುಳಿಗೆ, ಊಟ ವಿಚಾರಿಸಿ ಬರುತ್ತೇವೆ.

ಅವರು ಆರಂಭಿಸಿದ ಕೆಲಸ ನಿಲ್ಲಬಾರದು. ಈಗ ನಮ್ಮ ಶಾಲೆಗೆ ಹೊಸದಾಗಿ ಬರುವ ಟೀಚರುಗಳಿಗೆ ನಾನು ಮೊದಲು ಕೊಡುವುದು ಒಂದು ಪೆನ್ಸಿಲ್. ದಸರೆಯ ನಂತರ ಮನೆ ಮನೆಗೆ ಹೋಗುವುದನ್ನು ಕಳೆದ ವರ್ಷವೂ ಬಿಡಲಿಲ್ಲ.

ಇನ್ನು, ನಮ್ಮ ಮಕ್ಕಳಿಗೆ ಅವರ ಬಗ್ಗೆ ಹೇಳಬೇಕು. ಇಂದಿನ ಮಕ್ಕಳು ಬೇರೆ ಧರ್ಮದವರ ಬಗ್ಗೆ ಮೊಬೈಲಿನಲ್ಲಿ ಏನೇನೋ ನೋಡುತ್ತಾರೆ. ಗೋಡೆಯಾಚೆಯಿಂದ ನೀರು ಬಿಟ್ಟವರ ಕಥೆಯನ್ನು ತಾಯಿ ಹೇಳದಿದ್ದರೆ ಅದನ್ನು ಅವರಿಗೆ ಇನ್ನಾರೂ ಹೇಳುವುದಿಲ್ಲ.

ನಿಮ್ಮ ಬದುಕಿನಲ್ಲೂ ಇಂಥ ಒಬ್ಬರು ಇದ್ದೇ ಇರುತ್ತಾರೆ. ಅಕ್ಷರ ಕಲಿಸಿದ ಟೀಚರೋ, ಹೆರಿಗೆಯ ರಾತ್ರಿ ಗಾಡಿ ಕೊಟ್ಟ ನೆರೆಯವರೋ, ಕೆಲಸದ ಜಾಗದಲ್ಲಿ ಮಗಳಂತೆ ಕಂಡ ಹಿರಿಯರೋ. ಅವರು ಬದುಕಿದ್ದರೆ ಈ ಪುಟ ಮಡಿಸಿಟ್ಟು ಹೋಗಿ ಮಾತಾಡಿಸಿ ಬನ್ನಿ. ಜನರಿಗೆ ಕೃತಜ್ಞರಾಗದವರು ಅಲ್ಲಾಹನಿಗೂ ಕೃತಜ್ಞರಾಗಲಾರರೆಂದು ಪ್ರವಾದಿ(ಸ)ರವರು ಎಚ್ಚರಿಸಿದ್ದಾರೆ. ಉಪಕಾರ ಮರೆಯದವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನೂ ನಮ್ಮ ಮಕ್ಕಳನ್ನೂ ಸೇರಿಸಲಿ. ಆಮೀನ್.